ಹಿಪ್ ಹಾಪ್ ಮತ್ತು ಹರೆಯದ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪೀಣ್ಯ ಕಡೆಯ ಒಂದು ಸಮುದಾಯ ಭವನದಲ್ಲಿ ಪ್ರತಿ ಶನಿವಾರ ಸಂಜೆ ನಾವು ನಾಲ್ಕೈದು ಜನ ಸೇರಿ 12ರಿಂದ 19 ವರ್ಷದ ಮಕ್ಕಳ ಜೊತೆ ಹಿಪ್ ಹಾಪ್ ಮಾಡುತ್ತೇವೆ. ರ‍್ಯಾಪ್ ಬರೆಯುತ್ತೇವೆ, ಬಾಯಲ್ಲೇ ತಾಳ ಹಾಕುವ ಬೀಟ್‌ಬಾಕ್ಸ್ ಮಾಡುತ್ತೇವೆ, ಕುಣಿಯುತ್ತೇವೆ, ಹಾಳೆ ತುಂಬ ಅಕ್ಷರ ಬಿಡಿಸುತ್ತೇವೆ. ಮಕ್ಕಳಲ್ಲಿ ಜಾಸ್ತಿ ಜನ ಗಾರ್ಮೆಂಟ್ಸ್ ಕೆಲಸಗಾರರ ಮನೆಯವರು. ಇದರಿಂದ ಅವರ ಮನಸ್ಸಿಗೆ ಗಟ್ಟಿತನ ಬರುತ್ತದೆ ಅಂತ ನಾವು ಹೇಳುತ್ತೇವೆ. ಅಪ್ಪ-ಅಮ್ಮಂದಿರು, ಮೇಷ್ಟ್ರುಗಳು, ಬೇರೆ ಊರಲ್ಲಿ ಇಂಥದ್ದೇ ಶುರು ಮಾಡಬೇಕು ಅನ್ನುವವರು ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಹಿಪ್ ಹಾಪ್ ಅಂದರೆ ರ‍್ಯಾಪ್ ಅಲ್ವಾ?

ರ‍್ಯಾಪ್ ಅದರ ಒಂದು ಭಾಗ. ಹಿಪ್ ಹಾಪ್‌ಗೆ ನಾಲ್ಕು ಕಾಲು ಅಂತ ಹೇಳುತ್ತಾರೆ. ರೆಕಾರ್ಡ್ ತಿರುಗಿಸಿ ಹಾಡು ಕಟ್ಟುವ ಡಿಜೆ, ಮೈಕ್ ಹಿಡಿದು ತಾಳಕ್ಕೆ ಪ್ರಾಸದ ಮಾತು, ಅಂದರೆ ರ‍್ಯಾಪ್, ಹೇಳುವ ಎಂಸಿ, ನೆಲದ ಮೇಲೆ ಕುಣಿಯುವ ಬ್ರೇಕಿಂಗ್, ಗೋಡೆ ಮೇಲೆ ಅಕ್ಷರ, ಚಿತ್ರ ಬಿಡಿಸುವ ಗ್ರಾಫಿಟಿ. ಐದನೆಯದು ಅರಿವು ಅಂತ ಹಳಬರು ಸೇರಿಸುತ್ತಾರೆ. ನಾನು ಎಲ್ಲಿಂದ ಬಂದೆ, ನನ್ನ ಬೀದಿ ಯಾಕೆ ಹೀಗಿದೆ, ನಾನು ಇದಕ್ಕೆ ಏನು ಮಾಡಬಲ್ಲೆ ಅನ್ನುವ ಅರಿವು. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಈ ಐದನೆಯದೇ ತಾಯಿಬೇರು.

ಇದು ಹುಟ್ಟಿದ್ದಕ್ಕೂ ಮಕ್ಕಳ ಮನಸ್ಸಿಗೂ ಏನು ಸಂಬಂಧ?

ತುಂಬಾ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಅನ್ನುವ ಅಪಾರ್ಟ್‌ಮೆಂಟ್‌ನಲ್ಲಿ ಒಂದು ಪಾರ್ಟಿ ನಡೆಯಿತು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ತಗೊಳ್ಳಲು ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿಗೆ ದುಡ್ಡು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್ ಇಟ್ಟಳು. ಹಾಡು ಹಾಕಿದ್ದು ಅವಳ ಅಣ್ಣ ಕ್ಲೈವ್. ಅವನಿಗೆ ಆಗ 18 ವರ್ಷ. ಜಮೈಕಾದಿಂದ ಬಂದ ಮನೆಯ ಹುಡುಗ. ಜಗತ್ತು ಅವನನ್ನು ಡಿಜೆ ಕೂಲ್ ಹರ್ಕ್ ಅಂತ ಕರೆಯುತ್ತದೆ. ಹಾಡಿನ ನಡುವೆ ಬರೀ ಡ್ರಮ್ಸ್ ಬರುವ ಜಾಗದಲ್ಲಿ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಂಡನ್ನೇ ಮತ್ತೆ ಮತ್ತೆ ಬಾರಿಸಿದ. ಆ ತುಂಡಿಗೆ ಬ್ರೇಕ್ ಅಂತ ಹೆಸರು. ಅದಕ್ಕೆ ಕುಣಿದವರು ಬಿ-ಬಾಯ್, ಬಿ-ಗರ್ಲ್ ಆದರು.

ಆಗ ಆ ಊರು ಹೇಗಿತ್ತು ಗೊತ್ತಾ? ದೊಡ್ಡ ಹೆದ್ದಾರಿಗಾಗಿ ಬೀದಿಗೆ ಬೀದಿಯೇ ಒಡೆದು ಹಾಕಿದ್ದರು. ಮನೆಗಳಿಗೆ ಬೆಂಕಿ ಬೀಳುತ್ತಿತ್ತು. 1970ರಿಂದ 1980ರೊಳಗೆ ಬ್ರಾಂಕ್ಸ್‌ನ 44 ಜನಗಣತಿ ವಲಯಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಡಗಳು ಸುಟ್ಟೋ ಪಾಳುಬಿದ್ದೋ ಹೋದವು. ಹುಡುಗರು ಗ್ಯಾಂಗುಗಳಲ್ಲಿದ್ದರು. 1971ರ ಡಿಸೆಂಬರಿನಲ್ಲಿ ಘೆಟ್ಟೋ ಬ್ರದರ್ಸ್ ಗ್ಯಾಂಗಿನ ಕಾರ್ನೆಲ್ ಬೆಂಜಮಿನ್ ಒಂದು ಜಗಳ ಬಿಡಿಸಲು ಹೋಗಿ ಕೊಲೆಯಾದರು. ಎಲ್ಲರೂ ಸೇಡಿಗೆ ಕಾಯುತ್ತಿದ್ದರು. ಆ ಗ್ಯಾಂಗಿನವರು ಸೇಡು ಬೇಡ ಅಂದರು. ಡಿಸೆಂಬರ್ 8ರಂದು ಹೋ ಅವೆನ್ಯೂದ ಒಂದು ಕ್ಲಬ್ಬಿನಲ್ಲಿ ಹತ್ತಾರು ಗ್ಯಾಂಗುಗಳು ಕೂತು ಶಾಂತಿ ಮಾತುಕತೆ ಮಾಡಿದವು. ಆಮೇಲೆ ಒಬ್ಬರ ಬೀದಿಗೆ ಇನ್ನೊಬ್ಬರು ಹೋಗುವುದು ಸ್ವಲ್ಪ ಸ್ವಲ್ಪವಾಗಿ ಸಾಧ್ಯವಾಯಿತು. ಬೀದಿ ದಾಟಿ ಹೋಗಲು ಆಗದಿದ್ದರೆ ಬೀದಿ ಪಾರ್ಟಿ ಎಲ್ಲಿಂದ ಬರಬೇಕು?

ಮಕ್ಕಳಿಗೆ ನಾನು ಈ ಕಥೆಯನ್ನು ಮೊದಲ ತಿಂಗಳಲ್ಲೇ ಹೇಳುತ್ತೇನೆ. ಇದನ್ನು ಕಟ್ಟಿದವರು ಬಡ ಕಪ್ಪು ಜನರ, ಕೆರಿಬಿಯನ್ನರ, ಪೋರ್ಟೊರಿಕನ್ನರ ಮನೆಯ ಹದಿಹರೆಯದವರು. ಅವರ ಕೈಯಿಂದ ನಾವು ತಗೊಂಡಿದ್ದೇವೆ. ಅದನ್ನು ನೆನೆಯದೆ ಟೋಪಿ ಹಾಕಿಕೊಂಡು ಕೈ ಆಡಿಸುವುದು ಸರಿಯಲ್ಲ.

‘ಗಟ್ಟಿತನ’ ಅಂತ ನೀವು ಹೇಳುವುದು ಯಾವುದನ್ನು?

ಅಳದೇ ಇರುವುದನ್ನಲ್ಲ. ಬಿದ್ದ ಮೇಲೆ ಯಾರನ್ನಾದರೂ ಕರೆಯಲು ಬಾಯಿ ಬರುವುದು, ನಾಳೆ ಮತ್ತೆ ಬರುವುದು. ಬ್ರೇಕಿಂಗ್ ಕಲಿಯುವ ಹುಡುಗ ಒಂದು ಫ್ರೀಜ್‌ಗಾಗಿ, ಅಂದರೆ ಕುಣಿತದ ನಡುವೆ ಒಂದು ಭಂಗಿಯಲ್ಲಿ ಅಲುಗದೆ ನಿಲ್ಲುವುದಕ್ಕಾಗಿ, ನೂರು ಸಲ ಬೀಳುತ್ತಾನೆ. ಸುತ್ತ ನಿಂತವರು ನಗುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ. ಬಿದ್ದದ್ದಕ್ಕೆ ಚಪ್ಪಾಳೆ ಸಿಗುವ ಜಾಗ ಮಕ್ಕಳಿಗೆ ಬೇರೆಲ್ಲಿದೆ ಹೇಳಿ.

ರ‍್ಯಾಪ್ ಬರೆದರೆ ಮನಸ್ಸು ಹಗುರ ಆಗುತ್ತಾ? ಹೇಗೆ?

ಒಂದು ಸಂಜೆ ನಡೆದದ್ದು ಹೇಳುತ್ತೇನೆ. ಆ ಹುಡುಗನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಯಾದಗಿರಿ ಕಡೆಯಿಂದ ಬಂದವನು. ಎಂಟನೇ ಕ್ಲಾಸು. ಶಾಲೆಯಲ್ಲಿ ಅವನ ಮಾತನ್ನು ಅಣಕಿಸುತ್ತಿದ್ದರು. ಹಾಗಾಗಿ ಬೆಂಗಳೂರಿಗೆ ಬಂದ ಮೇಲೆ ಮಾತನ್ನೇ ಕಮ್ಮಿ ಮಾಡಿದ್ದ. ಆರು ಶನಿವಾರ ಸುಮ್ನೆ ಕೂತಿದ್ದ. ಬೀಟ್‌ಗೆ ಕಾಲು ಮಾತ್ರ ಆಡುತ್ತಿತ್ತು. ಏಳನೇ ವಾರ ‘ನಿಮ್ಮ ಮನೆಯಲ್ಲಿರುವ ಒಂದು ವಸ್ತುವಿನ ಬಗ್ಗೆ ಎರಡು ಸಾಲು’ ಅಂದೆವು. ಸರದಿ ಅವನ ಹತ್ತಿರ ಬಂತು. ನೆಲ ನೋಡಿಕೊಂಡೇ ಹೇಳಿದ:

‘ನಮ್ಮವ್ವ ಹಚ್ಚತಾಳ ದಿನಾ ನೂರಾರು ಅಂಗಿಗಿ ಗುಂಡಿ,
ನನ್ನಂಗಿಗಿ ಮೂರೇ ಅದಾವ, ಎದಿಗಿ ಬಡೀತದ ಥಂಡಿ.’

ಪಕ್ಕದಲ್ಲಿದ್ದವನು ‘ಇನ್ನೊಂದ್ ಸಲ ಹೇಳೋ’ ಅಂದ. ಹೇಳಿದ. ಮೂರನೇ ಸಲ ಇಡೀ ಗುಂಪು ‘ಥಂಡಿ’ ಅಂತ ಜೊತೆಗೆ ಕೂಗಿತು. ಅವನು ತಲೆ ಎತ್ತಿದ. ಅಂಗಿಯ ಮೇಲಿನ ಗುಂಡಿ ನಿಜವಾಗಿಯೂ ಇರಲಿಲ್ಲ. ಅಲ್ಲೊಂದು ಪಿನ್ನು ಇತ್ತು. ಅಷ್ಟು ದಿನ ಅವನ ಎದುರೇ ಕೂತಿದ್ದೆ, ನಾನು ಅದನ್ನು ನೋಡಿರಲಿಲ್ಲ.

ಇಲ್ಲಿ ಏನೇನು ನಡೆಯಿತು ನೋಡಿ. ನಾಚಿಕೆಯಿಂದ ಮುಚ್ಚಿಟ್ಟದ್ದು ಪ್ರಾಸ ಸಿಕ್ಕಿದ ಕೂಡಲೇ ಹೆಮ್ಮೆಪಡುವ ವಸ್ತು ಆಯಿತು. ಅಣಕಕ್ಕೆ ಗುರಿಯಾಗಿದ್ದ ಭಾಷೆಯೇ ಎಲ್ಲರ ಬಾಯಲ್ಲಿ ಬಂತು. ಬೀಟ್ ಒಂದೇ ವೇಗದಲ್ಲಿ ಓಡುತ್ತಿರುವುದರಿಂದ ಮಾತಾಡುವವನಿಗೆ ಹಿಡಿದುಕೊಳ್ಳಲು ಒಂದು ಕಂಬಿ ಇದ್ದ ಹಾಗೆ. ಉಸಿರು ತಾನಾಗಿ ಹದಕ್ಕೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಸರದಿ ಬರುವ ತನಕ ಹದಿನೈದು ಜನ ಕಾದರು, ಬಂದಾಗ ಕೇಳಿಸಿಕೊಂಡರು. ನನ್ನನ್ನು ಕೇಳಿದರೆ ಗುಣ ಮಾಡುವುದು ಆ ವೃತ್ತ. ರ‍್ಯಾಪ್ ನಮ್ಮನ್ನು ಆ ವೃತ್ತಕ್ಕೆ ಕರೆದುಕೊಂಡು ಬರುವ ದಾರಿ. ಹಿಪ್ ಹಾಪ್‌ನವರು ಆ ವೃತ್ತಕ್ಕೆ ಸೈಫರ್ ಅನ್ನುತ್ತಾರೆ.

ಆ ಹುಡುಗನ ಮಾರ್ಕ್ಸ್ ಏರಲಿಲ್ಲ. ಈಗಲೂ ಕೆಲವು ಸೋಮವಾರ ಶಾಲೆಗೆ ಹೋಗುವುದಿಲ್ಲ. ಆದರೆ ಹೋಗದಿದ್ದಾಗ ಯಾಕೆ ಅಂತ ನಮಗೆ ಹೇಳುತ್ತಾನೆ.

ಇದಕ್ಕೆ ಪುರಾವೆ ಇದೆಯಾ, ಇಲ್ಲಾ ನಿಮ್ಮ ಪ್ರೀತಿಯ ಮಾತಾ?

ಎರಡೂ ಇದೆ. ‘ಹಿಪ್ ಹಾಪ್ ಥೆರಪಿ’ ಅನ್ನುವ ಹೆಸರನ್ನು ಮುಂದಕ್ಕೆ ತಂದವರು ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕ ಎಡ್ಗರ್ ಟೈಸನ್. 2002ರಲ್ಲಿ ಅವರು ಹದಿಹರೆಯದವರ ಒಂದು ಸಣ್ಣ ಗುಂಪಿನ ಜೊತೆ ಮಾಡಿದ ಅಧ್ಯಯನವನ್ನು ಪ್ರಕಟಿಸಿದರು. ಆಮೇಲೆ ಟೆಕ್ಸಾಸ್‌ನ ರಾಫೆಲ್ ಟ್ರಾವಿಸ್, ಶಾಲಾ ಕೌನ್ಸೆಲಿಂಗ್‌ನಲ್ಲಿ ರ‍್ಯಾಪ್ ಬರವಣಿಗೆ ತಂದ ಇಯಾನ್ ಲೆವಿ ಮುಂತಾದವರು ಇದನ್ನು ಬೆಳೆಸಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮನೋವೈದ್ಯ ಅಕೀಮ್ ಸೂಲೆ ಮತ್ತು ನರವಿಜ್ಞಾನಿ ಬೆಕಿ ಇಂಕ್‌ಸ್ಟರ್ ಸೇರಿ, ಹಿಪ್ ಹಾಪ್ ಮೂಲಕ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡುವ ‘ಹಿಪ್ ಹಾಪ್ ಸೈಕ್’ ಶುರು ಮಾಡಿದರು. ಕಲೆ ಮತ್ತು ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಒಂದು ವರದಿ ತಂದಿತು. ಕಲೆಯಿಂದ ಆರೋಗ್ಯಕ್ಕೆ ಒಳ್ಳೆಯದಾಗುತ್ತದೆ ಅನ್ನುವುದನ್ನು ಅದು ಒಪ್ಪುತ್ತದೆ.

ಆದರೂ ಹಿಪ್ ಹಾಪ್ ಮೇಲಿನ ಅಧ್ಯಯನಗಳು ಹೆಚ್ಚಿನವು ಸಣ್ಣವು. ‘ಎಂಟು ವಾರದಲ್ಲಿ ಖಿನ್ನತೆ ಮಾಯ’ ಅಂತ ಯಾರಾದರೂ ಬೋರ್ಡು ಹಾಕಿದರೆ ಅಲ್ಲಿಗೆ ಹೋಗಬೇಡಿ.

ಇನ್ನೊಂದು ಅಧ್ಯಯನ ನನಗೆ ದಿನಾ ಕೆಲಸಕ್ಕೆ ಬರುತ್ತದೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ತಂಡ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ಕಹಿ ಅನುಭವದ ಬಗ್ಗೆ ಬರೆಸಿತು. ಅನುಭವವನ್ನೂ ಅದರ ನೋವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಹೋದದ್ದು ಕಮ್ಮಿಯಾಯಿತು. ಆದರೆ ಬರೆದ ತಕ್ಷಣ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಇದನ್ನು ಓದಿದ ಮೇಲೆ ನಾವು ಬರವಣಿಗೆಯನ್ನು ಎಂದೂ ಕೊನೆಗೆ ಇಡುವುದಿಲ್ಲ. ಬರೆದಾದ ಮೇಲೆ ಕುಣಿತ ಇರಲೇಬೇಕು. ಭಾರ ಹೊತ್ತ ಮಗುವನ್ನು ಹಾಗೇ ಬಸ್ಸು ಹತ್ತಿಸಬಾರದು.

ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ?

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕಾಂಬೋಡಿಯಾದ ಟೈನಿ ಟೂನ್ಸ್. ಅದನ್ನು ಕಟ್ಟಿದವರು ತುಯ್ ಸೋಬಿಲ್, ಎಲ್ಲರ ಬಾಯಲ್ಲಿ ಕೆಕೆ. ಯುದ್ಧದಿಂದ ಓಡಿಬಂದ ಕಾಂಬೋಡಿಯಾ ಕುಟುಂಬದಲ್ಲಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಬೆಳೆದರು. ಅಲ್ಲಿ ಬ್ರೇಕಿಂಗ್ ಕಲಿತರು, ಗ್ಯಾಂಗಿಗೂ ಸೇರಿದರು, ಜೈಲಿಗೂ ಹೋದರು. 2004ರಲ್ಲಿ ಅಮೆರಿಕ ಅವರನ್ನು ಕಾಂಬೋಡಿಯಾಕ್ಕೆ ಗಡೀಪಾರು ಮಾಡಿತು. ಕಾಲಿಟ್ಟೇ ಇರದ ದೇಶ ಅದು. ನಾಮ್‌ಪೆನ್ ನಗರದ ಬೀದಿ ಮಕ್ಕಳು ‘ನಮಗೂ ಕಲಿಸಿ’ ಅಂತ ಅವರ ಬೆನ್ನು ಬಿದ್ದರು. ಮನೆಯ ಕೋಣೆಯಲ್ಲೇ ಕಲಿಸಲು ಶುರು ಮಾಡಿದರು. ಬರಬರುತ್ತಾ ಅಲ್ಲಿ ಖಮೇರ್ ಭಾಷೆ, ಇಂಗ್ಲಿಷು, ಲೆಕ್ಕ ಎಲ್ಲ ಸೇರಿತು. ಡ್ರಗ್ಸ್, ಎಚ್‌ಐವಿ ಬಗ್ಗೆ ತಿಳಿವಳಿಕೆಯೂ ಸೇರಿತು. ಕುಣಿತಕ್ಕೆ ಬಂದ ಮಕ್ಕಳು ಪಾಠಕ್ಕೂ ಕೂತರು.

ಉಗಾಂಡಾದ ಕಂಪಾಲಾದಲ್ಲಿ 2006ರಲ್ಲಿ ಅಬ್ರಾಮ್ಸ್ ಟೆಕ್ಯಾ ಬ್ರೇಕ್‌ಡ್ಯಾನ್ಸ್ ಪ್ರಾಜೆಕ್ಟ್ ಉಗಾಂಡಾ ಶುರು ಮಾಡಿದರು. ಚಿಕ್ಕ ವಯಸ್ಸಿನಲ್ಲೇ ಅಪ್ಪ-ಅಮ್ಮನನ್ನು ಕಳೆದುಕೊಂಡವರು ಅವರು. ಅಲ್ಲಿ ಫೀಸು ಇಲ್ಲ. ಒಂದು ಹೆಜ್ಜೆ ಗೊತ್ತಿದ್ದವನು ಗೊತ್ತಿಲ್ಲದವನಿಗೆ ಕಲಿಸಬೇಕು, ಅಷ್ಟೇ ನಿಯಮ. ಅಂದರೆ ಹತ್ತು ವರ್ಷದ ಹುಡುಗಿ ಇಪ್ಪತ್ತರವನಿಗೆ ಗುರು ಆಗಬಹುದು. ಇದನ್ನು ನಾವು ಹಾಗೇ ತಂದುಕೊಂಡಿದ್ದೇವೆ.

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕಡೆ ತೋಮಾಸ್ ಆಲ್ವರೆಜ್ ಅನ್ನುವ ಸಮಾಜಕಾರ್ಯಕರ್ತ 2004ರಲ್ಲಿ ಶುರು ಮಾಡಿದ ‘ಬೀಟ್ಸ್ ರೈಮ್ಸ್ ಆ್ಯಂಡ್ ಲೈಫ್’ ಇನ್ನೊಂದು ಥರ. ಕೌನ್ಸೆಲಿಂಗ್ ಕೋಣೆಗೆ ಬಾರದ ಹುಡುಗರು ಹಾಡು ಕಟ್ಟಲು ಬರುತ್ತಾರೆ ಅಂತ ಅವರಿಗೆ ಕಂಡಿತು. ಕೌನ್ಸೆಲಿಂಗನ್ನೇ ಹಾಡಿನ ಒಳಗೆ ತಂದರು. ನಮ್ಮ ಹತ್ತಿರದಲ್ಲಿ ಮುಂಬೈ ಧಾರಾವಿಯ ಹಿಪ್ ಹಾಪ್ ಶಾಲೆಗಳಿವೆ. ಅವನ್ನು ನೋಡಿ ಬರಬೇಕು ಅಂತ ಯಾರೇ ಕೇಳಿದರೂ ಹೇಳುತ್ತೇನೆ.

ರ‍್ಯಾಪ್‌ನಲ್ಲಿ ಬರೀ ಬೈಗುಳ, ಗಾಂಜಾ, ಹೆಣ್ಣುಮಕ್ಕಳನ್ನು ಕೀಳಾಗಿ ಮಾತಾಡುವುದು ಇರುತ್ತಲ್ಲ?

ಇರುತ್ತದೆ, ಸುಳ್ಳು ಹೇಳುವುದಿಲ್ಲ. ದುಡ್ಡಿನ ಮಾರುಕಟ್ಟೆ ಅಂಥದ್ದನ್ನೇ ಮುಂದೆ ತಳ್ಳಿದೆ. ನಾವು ಅದನ್ನು ಬ್ಯಾನ್ ಮಾಡುವುದಿಲ್ಲ, ಬಿಡಿಸಿ ನೋಡುತ್ತೇವೆ. ಮಕ್ಕಳು ಇಷ್ಟಪಡುವ ಹಾಡನ್ನೇ ಹಾಕಿ ಕೇಳುತ್ತೇವೆ: ಈ ಸಾಲನ್ನು ನಿನ್ನ ಅಕ್ಕನ ಎದುರು ಹಾಡುತ್ತೀಯಾ? ಇವನು ತೋರಿಸುವ ಕಾರು ಯಾರದ್ದಿರಬಹುದು? ಇವನಿಗೆ ನಿಜವಾಗಿ ಭಯ ಇರುವುದು ಯಾವುದಕ್ಕೆ? ಮಕ್ಕಳು ಕೊಡುವ ಉತ್ತರ ನಮ್ಮ ಉಪದೇಶಕ್ಕಿಂತ ಚೂಪಾಗಿರುತ್ತದೆ.

ನಮ್ಮ ವೃತ್ತದಲ್ಲಿ ಇರುವ ಕಟ್ಟುನಿಟ್ಟು ಇಷ್ಟು. ಜಾತಿ, ಬಣ್ಣ, ದೇಹ, ಹೆಣ್ತನ ಇವನ್ನು ಇಟ್ಟುಕೊಂಡು ಯಾರನ್ನೂ ಚುಚ್ಚುವ ಹಾಗಿಲ್ಲ. ಕೋಪದಲ್ಲಿ ಒಂದು ಕೆಟ್ಟ ಪದ ಬಂದರೆ ನಾನು ಎಗರುವುದಿಲ್ಲ. ಆ ಕೋಪ ಯಾರ ಮೇಲೆ ಅಂತ ಆಮೇಲೆ ಕೇಳುತ್ತೇನೆ.

ಕನ್ನಡದಲ್ಲಿ ಇದು ಕೂರುತ್ತಾ?

ಕೂರುವುದೇನು, ಮನೆ ಮಾಡಿಕೊಂಡಿದೆ. ಕನ್ನಡದ ರ‍್ಯಾಪರ್‌ಗಳಾದ ಚಂದನ್ ಶೆಟ್ಟಿ, ಆಲ್ ಓಕೆ ಅವರ ಹಾಡು ಕೇಳಿ ಬೆಳೆದ ಮಕ್ಕಳು ನಮ್ಮ ಹತ್ತಿರ ಬರುತ್ತಾರೆ.

ಅದಕ್ಕೂ ಹಿಂದಿನ ನೆಂಟಸ್ತಿಕೆ ಒಂದಿದೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿ ಕೇಳಿದ್ದೀರಾ? ಹರದೇಶಿಯವರು ಶಿವ ಹೆಚ್ಚು ಅಂತಾರೆ, ನಾಗೇಶಿಯವರು ಶಕ್ತಿ ಹೆಚ್ಚು ಅಂತಾರೆ. ದಪ್ಪು, ತುಂತುಣಿ ಇಟ್ಟುಕೊಂಡು ರಾತ್ರಿಯಿಡೀ ಸವಾಲು-ಜವಾಬು. ಹಿಮ್ಮೇಳದವರು ‘ಗೀಯ ಗಾ’ ಅಂತ ದನಿ ಕೂಡಿಸುತ್ತಾರೆ. ರ‍್ಯಾಪ್ ಬ್ಯಾಟಲ್ ಅಂದರೆ ಏನು ಅಂತ ಕೇಳಿದ ಒಬ್ಬ ಅಜ್ಜಿಗೆ ತೋರಿಸಿದಾಗ, ‘ಇದು ನಮ್ಮೂರ ಜಾತ್ರ್ಯಾಗಿನ ವಾದಿ-ಪ್ರತಿವಾದಿ ಅಲ್ಲೇನು’ ಅಂದರು. ಹಿಪ್ ಹಾಪ್ ಲಾವಣಿಯಿಂದ ಬಂತು ಅಂತ ಹೇಳುವುದು ತಪ್ಪು. ಎರಡೂ ಬೇರೆ ಬೇರೆ ನೆಲದಲ್ಲಿ ಹುಟ್ಟಿದವು. ಆದರೆ ಲಾವಣಿ ಕೇಳಿದ ಕಿವಿಗೆ ರ‍್ಯಾಪ್ ಅಪರಿಚಿತ ಅನ್ನಿಸುವುದಿಲ್ಲ.

ಬರೆಸುವವರಿಗೆ ಒಂದು ಕಿವಿಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ‘ಹೋಗ್ತೀನಿ, ಬರ್ತೀನಿ, ನೋಡ್ತೀನಿ’ ಅಂತ ಎಂಟು ಸಾಲೂ ಒಂದೇ ಥರ ಮುಗಿಯುತ್ತವೆ. ಮಕ್ಕಳಿಗೆ ಬೇಗ ಬೇಜಾರಾಗುತ್ತದೆ. ಆಗ ಮಾತನ್ನು ತಿರುಗಿಸಿ ಅಂತ ಹೇಳಿ. ‘ನಾನು ಸಂತೆಗೆ ಹೋಗ್ತೀನಿ’ ಬದಲು ‘ಹೊರಟೆ ನಾನು ಸಂತೆಗೆ’. ಈಗ ಸಂತೆಗೆ ಪ್ರಾಸ ಹುಡುಕಬೇಕು: ಚಿಂತೆಗೆ, ಕಂತೆಗೆ. ಅಲ್ಲಿಂದ ಕಥೆಯೇ ಬೇರೆ ದಾರಿ ಹಿಡಿಯುತ್ತದೆ.

ಮೊದಲ ದಿನ ಏನು ಮಾಡಿಸಬೇಕು?

ಬೆಂಚು ಪಕ್ಕಕ್ಕೆ ಸರಿಸಿ ಎಲ್ಲರೂ ಗುಂಡಗೆ ನಿಲ್ಲಿ. ನೀವೂ ಅದೇ ಗುಂಡಿನಲ್ಲಿ ನಿಲ್ಲಿ, ನಡುವೆ ಅಲ್ಲ. ಬಾಯಲ್ಲೇ ಬೀಟ್ ಶುರು ಮಾಡಿ: ಬ್, ತ್ಸ್, ಕ್, ತ್ಸ್. ಡ್ರಮ್ ಸೆಟ್ಟಿನಲ್ಲಿ ‘ಬ್’ ಅಂದರೆ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ (ಕಿಕ್), ‘ತ್ಸ್’ ಅಂದರೆ ಜೋಡಿ ತಾಳ (ಹೈ-ಹ್ಯಾಟ್), ‘ಕ್’ ಅಂದರೆ ಚುರುಕು ಸದ್ದಿನ ಚಿಕ್ಕ ಡ್ರಮ್ (ಸ್ನೇರ್). ಐದು ನಿಮಿಷದಲ್ಲಿ ಎಲ್ಲರಿಗೂ ಬರುತ್ತದೆ, ಎಲ್ಲರೂ ನಗುತ್ತಾರೆ. ಆಮೇಲೆ ಹೆಸರು ಹೇಳುವ ಆಟ. ಒಬ್ಬರು ಬೀಟ್ ಮೇಲೆ ತಮ್ಮ ಹೆಸರು ಮತ್ತು ಇವತ್ತು ತಿಂದ ತಿಂಡಿ ಹೇಳಬೇಕು, ಉಳಿದವರು ಅದನ್ನೇ ಕೂಗಬೇಕು. ತನ್ನ ಹೆಸರನ್ನು ಇಪ್ಪತ್ತು ಜನ ಒಟ್ಟಿಗೆ ಕೂಗಿದ್ದನ್ನು ಎಷ್ಟೋ ಮಕ್ಕಳು ಅವತ್ತೇ ಮೊದಲು ಕೇಳುವುದು.

ಆಮೇಲೆ ಹತ್ತು ನಿಮಿಷ ಬರವಣಿಗೆ. ದುಃಖದ ಬಗ್ಗೆ ಬರಿ ಅಂತ ಮೊದಲ ದಿನವೇ ಹೇಳಬೇಡಿ. ಚಪ್ಪಲಿ, ಬಸ್ಸು, ನಲ್ಲಿ ನೀರು, ಇಂಥ ವಿಷಯ ಕೊಡಿ. ನೋವು ಬರುವುದಿದ್ದರೆ ಅದೇ ದಾರಿಯಲ್ಲಿ ಬರುತ್ತದೆ. ನಿಮಿಷಕ್ಕೆ 90 ಬಡಿತದ ಬೀಟ್ ಇಟ್ಟರೆ ಎಂಟು ಬಾರ್ (ನಾಲ್ಕು ಬಡಿತ ಸೇರಿದರೆ ಒಂದು ಬಾರ್) ಹೇಳಲು ಸುಮಾರು 21 ಸೆಕೆಂಡ್ ಸಾಕು. ಶುರುವಿಗೆ ನಾಲ್ಕು ಬಾರ್ ಇರಲಿ. ‘ಪಾಸ್’ ಅನ್ನುವ ಹಕ್ಕು ಎಲ್ಲರಿಗೂ ಇರಬೇಕು, ಯಾಕೆ ಅಂತ ಕೇಳಬಾರದು. ಕೊನೆಗೆ ಕುಣಿತ, ಆಮೇಲೆ ನೀರು, ಬಿಸ್ಕೆಟ್ಟು.

ಎಷ್ಟು ಖರ್ಚು ಬರುತ್ತದೆ?

ಒಂದು ಬ್ಲೂಟೂತ್ ಸ್ಪೀಕರ್, ಒಂದು ಫೋನು, 100 ಪುಟದ ನೋಟ್‌ಬುಕ್ಕು. ಬ್ರೇಕಿಂಗ್‌ಗೆ ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ ಹಾಸಿದರೆ ಸಾಕು. ನ್ಯೂಯಾರ್ಕಿನ ಬೀದಿಗಳಲ್ಲೂ ರಟ್ಟು ಹಾಸಿಕೊಂಡು ಕುಣಿದವರಿದ್ದರು. ಮಣಿಕಟ್ಟು, ಕತ್ತು ಚೆನ್ನಾಗಿ ಸಡಿಲ ಮಾಡಿಸದೆ ಯಾವ ಹೆಜ್ಜೆಯನ್ನೂ ಶುರು ಮಾಡಬೇಡಿ. ಗೊತ್ತಿರುವವರು ಪಕ್ಕದಲ್ಲಿ ಇಲ್ಲದೆ ತಲೆ ಮೇಲೆ ತಿರುಗುವುದು ಬೇಡವೇ ಬೇಡ.

ಮಾತೇ ಆಡದ ಮಕ್ಕಳಿಗೆ?

ಅವರಿಗೆ ಗ್ರಾಫಿಟಿ, ಬೀಟ್‌ಬಾಕ್ಸ್, ಕುಣಿತ. ಒಬ್ಬಳು ಹುಡುಗಿ ನಾಲ್ಕು ತಿಂಗಳು ತನ್ನ ಹೆಸರಿನ ಮೊದಲ ಅಕ್ಷರವನ್ನೇ ಬಿಡಿಸುತ್ತಿದ್ದಳು. ‘ಶ’. ಮೊದಲು ಸಣ್ಣದು, ಪುಟದ ಮೂಲೆಯಲ್ಲಿ. ಬರಬರುತ್ತಾ ತಲೆಕಟ್ಟು ಕಿರೀಟದ ಹಾಗೆ ಆಯಿತು, ಹೊಟ್ಟೆ ದುಂಡಗಾಯಿತು, ನೆರಳು ಬಂತು. ಈಗ ಅದು ಎರಡು ಪುಟ ಸೇರಿಸಿದರೂ ಸಾಲದು. ಕನ್ನಡ ಅಕ್ಷರಗಳ ದುಂಡು ಮೈ ಗ್ರಾಫಿಟಿಗೆ ಹೇಳಿ ಮಾಡಿಸಿದ ಹಾಗಿದೆ.

ಗೋಡೆಗೆ ಹೋಗುವುದಾದರೆ ಗೋಡೆಯ ಒಡೆಯರಿಂದ ಬರವಣಿಗೆಯಲ್ಲೇ ಒಪ್ಪಿಗೆ ತಗೊಳ್ಳಿ. ಸಾರ್ವಜನಿಕ ಜಾಗದ ಅಂದಗೆಡಿಸುವುದನ್ನು ತಡೆಯುವ ಕಾನೂನು ಕರ್ನಾಟಕದಲ್ಲಿ 1981ರಿಂದ ಇದೆ. ಮಗುವಿನ ಮೇಲೆ ಕೇಸು ಬೀಳಬಾರದು. ಸ್ಪ್ರೇ ಬದಲು ಬ್ರಷ್ಷು, ಸಾದಾ ಎಮಲ್ಷನ್ ಬಣ್ಣ ಕೊಡಿ. ಉಸಿರಿಗೂ ಒಳ್ಳೆಯದು.

ಹುಡುಗಿಯರನ್ನು ಕಳಿಸಬಹುದಾ?

ಕಳಿಸಿ. ಆದರೆ ನಮ್ಮನ್ನು ಪ್ರಶ್ನೆ ಕೇಳಿ ಕಳಿಸಿ. ಕತ್ತಲಾಗುವ ಮುಂಚೆ ಮುಗಿಯುತ್ತಾ? ಹೆಣ್ಣು ಮಾರ್ಗದರ್ಶಕಿ ಇದ್ದಾರಾ? ಶೌಚಾಲಯಕ್ಕೆ ಚಿಲಕ ಇದೆಯಾ? ಇವಕ್ಕೆ ಹೌದು ಅನ್ನದ ಜಾಗಕ್ಕೆ ಕಳಿಸಬೇಡಿ. ನಮ್ಮಲ್ಲಿ ಶುರುವಿನಲ್ಲಿ ಇಬ್ಬರೇ ಹುಡುಗಿಯರಿದ್ದರು. ಸಮಯವನ್ನು ಆರೂವರೆಯಿಂದ ನಾಲ್ಕು ಗಂಟೆಗೆ ತಂದ ಮೇಲೆ ಹನ್ನೊಂದು ಜನ ಆದರು. ಅಡ್ಡಿ ಇದ್ದದ್ದು ಗಡಿಯಾರದಲ್ಲಿ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಇತ್ತು. ಬಿ-ಗರ್ಲ್ ಚಿನ್ನ ಜಪಾನಿನ ಅಮಿ ಗೆದ್ದರು. ನಮ್ಮ ಹುಡುಗಿಯರು ಮತ್ತೆ ಮತ್ತೆ ನೋಡಿದ್ದು ಇನ್ನೊಬ್ಬಳನ್ನು. ನಿರಾಶ್ರಿತರ ತಂಡದಲ್ಲಿದ್ದ ಅಫ್ಘಾನಿಸ್ತಾನದ ಮನಿಝಾ ತಲಾಶ್. ಕುಣಿಯುತ್ತಾ ‘ಅಫ್ಘಾನ್ ಹೆಣ್ಣುಮಕ್ಕಳನ್ನು ಬಿಡುಗಡೆ ಮಾಡಿ’ ಅಂತ ಬರೆದಿದ್ದ ವಸ್ತ್ರವನ್ನು ತೋರಿಸಿದಳು. ಅದಕ್ಕೆ ಅನರ್ಹಳಾದಳು. ಅವತ್ತು ನಮ್ಮ ಭವನದಲ್ಲಿ ನಡೆದ ಚರ್ಚೆ ಎರಡು ಗಂಟೆ ಮುಗಿಯಲಿಲ್ಲ.

ಬ್ಯಾಟಲ್ ಮಾಡಿಸಿದರೆ ಜಗಳ ಆಗಲ್ವಾ?

ಮೊದಲ ಆರು ತಿಂಗಳು ಮಾಡಿಸಬೇಡಿ. ನಂಬಿಕೆ ಬೆಳೆದ ಮೇಲೆ, ಎದುರಾಳಿಯನ್ನು ಬಯ್ಯುವ ಬದಲು ಒಂದೇ ವಿಷಯವನ್ನು ಇಬ್ಬರೂ ಎಳೆದಾಡುವ ಹಾಗೆ ಮಾಡಿ. ಬೈಕೋ ಸೈಕಲ್ಲೋ, ಮುದ್ದೆಯೋ ರೊಟ್ಟಿಯೋ. ಮುಗಿದ ಮೇಲೆ ಕೈ ಕುಲುಕಲೇಬೇಕು.

ಮಕ್ಕಳ ಹಾಡನ್ನು ರೆಕಾರ್ಡ್ ಮಾಡಿ ಇನ್‌ಸ್ಟಾಗೆ ಹಾಕಬಹುದಾ?

ಇದರಲ್ಲಿ ನನ್ನಿಂದ ತಪ್ಪಾಗಿದೆ. ಒಂದು ಸಂಸ್ಥೆಯ ವಾರ್ಷಿಕೋತ್ಸವಕ್ಕೆ ನಮ್ಮ ಮಕ್ಕಳನ್ನು ಕರೆದಿದ್ದರು. ಒಬ್ಬ ಹುಡುಗಿ ಅಪ್ಪನ ಕುಡಿತದ ಬಗ್ಗೆ ಬರೆದ ಸಾಲುಗಳನ್ನು ಹಾಡಿದಳು. ಹಾಡಲಾ ಅಂತ ಅವಳೇ ಕೇಳಿದ್ದಳು, ನಾನು ಹೂಂ ಅಂದಿದ್ದೆ. ಯಾರೋ ವಿಡಿಯೊ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಮೂರೇ ದಿನಕ್ಕೆ ಅದು ಅವಳ ದೊಡ್ಡಪ್ಪನ ಫೋನಿಗೆ ಬಂತು. ಮನೆಯಲ್ಲಿ ಏನಾಯಿತು ಅಂತ ನಾನು ಬರೆಯುವುದಿಲ್ಲ. ಎರಡು ತಿಂಗಳು ಅವಳು ಬರಲಿಲ್ಲ. ಅವರ ಮನೆಗೆ ಮೂರು ಸಲ ಹೋಗಿ ಕ್ಷಮೆ ಕೇಳಿದೆ.

ಆಗಿನಿಂದ ಸೈಫರ್ ನಡೆಯುವಾಗ ಫೋನುಗಳೆಲ್ಲ ಬಾಗಿಲ ಹತ್ತಿರದ ಬುಟ್ಟಿಯಲ್ಲಿರುತ್ತವೆ, ನನ್ನದೂ ಸೇರಿ. ಹಾಡುಗಳಲ್ಲಿ ಎರಡು ಬಗೆ ಮಾಡಿದ್ದೇವೆ: ವೃತ್ತದ ಹಾಡು, ವೇದಿಕೆ ಹಾಡು. ವೃತ್ತದ್ದು ವೃತ್ತದಲ್ಲೇ ಉಳಿಯುತ್ತದೆ. ವೇದಿಕೆಗೆ ಬರುವುದನ್ನು ಮಗುವೂ ಮನೆಯವರೂ ಒಪ್ಪಬೇಕು. ಒಂದು ವಾರ ಬಿಟ್ಟು ಮಗುವನ್ನು ಮತ್ತೊಮ್ಮೆ ಕೇಳುತ್ತೇವೆ. ಚಪ್ಪಾಳೆಯ ಆಸೆಯಲ್ಲಿ ಹೇಳಿದ ‘ಹೂಂ’ ಪೂರ್ತಿ ‘ಹೂಂ’ ಅಲ್ಲ.

ಒಂದು ಮಗು ಸಾವಿನ ಬಗ್ಗೆ ಬರೆದರೆ ಏನು ಮಾಡಬೇಕು?

ಗಾಬರಿ ಮುಖ ಮಾಡಬೇಡಿ. ಹಾಡು ಅಂತ ತಳ್ಳಿಯೂ ಹಾಕಬೇಡಿ. ಸೈಫರ್ ಮುಗಿದ ಮೇಲೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: ‘ಈ ಸಾಲು ಹಾಡಿಗಾಗಿ ಬರೆದದ್ದಾ, ನಿನಗೆ ಹಾಗೆ ಅನ್ನಿಸುತ್ತಾ ಇದೆಯಾ?’ ಕೇಳಿದರೆ ತಲೆಗೆ ತುಂಬಿದ ಹಾಗೆ ಆಗುತ್ತೆ ಅಂತ ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಹೌದು ಅಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಮಗು ನಂಬುವ ಒಬ್ಬರನ್ನು ಕರೆಸಿ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತಕ್ಷಣದ ಅಪಾಯ ಇದ್ದರೆ 112.

ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲ ದಿನವೇ ಮಕ್ಕಳಿಗೆ ಸರಳವಾಗಿ ಹೇಳಿಬಿಡಿ: ‘ನೀವು ಹೇಳಿದ್ದು ನನ್ನ ಹತ್ತಿರ ಇರುತ್ತೆ, ಆದರೆ ನಿಮ್ಮ ಜೀವಕ್ಕೆ, ಮೈಗೆ ಅಪಾಯ ಇದೆ ಅಂತ ಗೊತ್ತಾದರೆ ಸಹಾಯ ಮಾಡುವವರಿಗೆ ಹೇಳುತ್ತೇನೆ.’

ನಾವು ಡಾಕ್ಟರಲ್ಲ. 10ರಿಂದ 19 ವರ್ಷದ ಏಳು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಪ್ಪತ್ತೊಂದು ಮಕ್ಕಳ ಗುಂಪಿನಲ್ಲಿ ಮೂವರು ಇರಬಹುದು ಅಂದುಕೊಂಡೇ ನಾನು ಬಾಗಿಲು ತೆಗೆಯುತ್ತೇನೆ. ಹತ್ತಿರದ ಒಬ್ಬ ಕೌನ್ಸೆಲರ್ ನಂಬರ್ ಮುಂಚೆಯೇ ಕೈಯಲ್ಲಿರಲಿ.

ಓದು ಹಾಳಾಗಲ್ವಾ?

ವಾರಕ್ಕೆ ಎರಡು ಗಂಟೆ. ಪರೀಕ್ಷೆ ಹತ್ತಿರ ಬಂದಾಗ ಬೇಕಿದ್ದರೆ ಒಂದು ಗಂಟೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಒತ್ತಡ ಜಾಸ್ತಿ ಇರುವುದು ಆಗಲೇ ಅಲ್ವಾ?

ನನಗೆ 50 ದಾಟಿದೆ. ರ‍್ಯಾಪ್ ಗಂಧಗಾಳಿ ಇಲ್ಲ. ನಾನು ಏನು ಮಾಡಬಹುದು?

ನಮ್ಮಲ್ಲಿಗೆ ನಿವೃತ್ತ ಕನ್ನಡ ಮೇಡಂ ಒಬ್ಬರು ಬರುತ್ತಾರೆ. ಮೊದಲು ಬಂದದ್ದು ಸದ್ದು ಕಮ್ಮಿ ಮಾಡಿ ಅಂತ ಹೇಳಲು. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತರು. ಮುಂದಿನ ಶನಿವಾರ ಡಬ್ಬಿ ತುಂಬ ಅವಲಕ್ಕಿ ತಂದರು. ಅದರ ಮುಂದಿನ ವಾರ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆದು, ಆದಿಪ್ರಾಸ ಅಂದರೆ ಏನು ಅಂತ ಹೇಳಿಕೊಟ್ಟರು. ಸಾಲಿನ ಎರಡನೇ ಅಕ್ಷರ ಹೊಂದಬೇಕು, ಹಳೆಗನ್ನಡದ ಕವಿಗಳು ಇದನ್ನು ಬಿಡುತ್ತಲೇ ಇರಲಿಲ್ಲ ಅಂದರು. ಮಕ್ಕಳು ಕಣ್ಣು ಅರಳಿಸಿ ಕೂತರು. ಹತ್ತೇ ನಿಮಿಷದಲ್ಲಿ ಒಬ್ಬ ಎದ್ದು ನಿಂತ:

‘ಮನೆಯಲ್ಲಿ ಜಾಗ ಇಲ್ಲ,
ಕನಸಿಗೆ ಬಾಡಿಗೆ ಇಲ್ಲ.’

ಮೇಡಂ ಎರಡು ಸಾಲಿನ ‘ನ’ಗಳಿಗೂ ಸುತ್ತು ಹಾಕಿ, ಪಕ್ಕದಲ್ಲಿ ಸರಿ ಗುರುತು ಹಾಕಿದರು. ಈಗ ಅವರ ಕುರ್ಚಿ ಸ್ಪೀಕರ್ ಪಕ್ಕದಲ್ಲೇ ಇದೆ. ಅವರು ಬರುವುದು ಐದು ನಿಮಿಷ ತಡವಾದರೂ ಮಕ್ಕಳು ಬೀಟ್ ಶುರು ಮಾಡುವುದಿಲ್ಲ.